ಆಚಾರ್ಯರು ನೋಡದ ಕಣ್ಣು

ರೈಫಲ್ ಬೇಕೆಂದು ಪುಂಡರೀಕಾಕ್ಷ ಆಚಾರ್ಯರ ಬಳಿ ಹೋದವರಿಗೆಲ್ಲ ಮೊದಲು ವಿಚಾರಣೆ. "ಯಾವುದಕ್ಕೆ ಮಾರಾಯ್ರೆ? ಸ್ಪರ್ಧೆಗಾ, ಸುಮ್ಮನೆ ಆದಿತ್ಯವಾರದ ಖುಷಿಗಾ?" ನಿಂತು ಅರವತ್ತು ಗುಂಡು ಹೊಡೆಯುವವರಾದರೆ ನಳಿಗೆ ಇಂಥದ್ದು, ಟ್ರಿಗರ್ ಇಷ್ಟು ಹಗುರ ಎಂದು ಚೀಟಿ ಬರೆದು ಅಂಗಡಿಗೆ ಕಳಿಸುವರು. ಭುಜಕ್ಕೆ ಒತ್ತುವ ಮರದ ಸ್ಟಾಕ್ ಮಾತ್ರ ಅಂಬರನಾಥದ ತಮ್ಮ ಬಾಡಿಗೆ ಗಾಳಾದಲ್ಲಿ, ಆ ಒಂದು ಕೋಣೆಯ ಕಾರ್ಖಾನೆಯಲ್ಲಿ, ತಾವೇ ಕೆತ್ತುವರು. ಅದಕ್ಕೂ ಮುಂಚೆ, ಎರಡು ಅಂಗೈ ಸೇರಿಸಿ ಕಿಂಡಿ ಮಾಡಿಸಿ ಗೋಡೆಯ ಗಡಿಯಾರ ನೋಡಿಸಬೇಕು. ಯಾವ ಕಣ್ಣು ಮುಚ್ಚಿದರೆ ಗಡಿಯಾರ ಮಾಯವಾಗುತ್ತದೋ ಅದೇ ಗುರಿಯ ಕಣ್ಣು. ಸ್ಟಾಕ್ ಆ ಕಡೆಗೆ. ಕಲ್ಯಾಣದ ಶೂಟಿಂಗ್ ರೇಂಜಿನಲ್ಲಿ ಅಂಕ ಬರೆಯುವ ನಾನು ಈ ಉಡುಪಿಯವರ ಹಠವನ್ನು ಬೇಕಾದಷ್ಟು ಗೇಲಿ ಮಾಡಿದ್ದೇನೆ.

ಮಗಳು ಅನುಷ್ಕಾಗೆ ಹದಿನಾಲ್ಕಾದಾಗ ಅವಳಿಗೂ ಒಂದು ಏರ್ ರೈಫಲ್ ಮಾಡಿದರು. ತೋಳು ಅಳೆದರು, ಕುತ್ತಿಗೆ ಅಳೆದರು, ಕಣ್ಣು ನೋಡಲಿಲ್ಲ. ಮನೆಯ ಹುಡುಗಿ, ಬಲಗೈಯವಳು, ನೋಡುವುದೇನು! ಬಲಗೈಯವಳಾಗಿ ಮಾಡಿದ್ದು ಅವರೇ. ಚಿಕ್ಕವಳಿದ್ದಾಗ ಎಡಗೈ ಅನ್ನದ ತಟ್ಟೆಗೆ ಹೋದರೆ ಅದಕ್ಕೆ ಪೆಟ್ಟು ಬೀಳುತ್ತಿತ್ತು. ರೇಂಜಿನ ಕೋಚ್ ನೋಡಿರುತ್ತಾರೆಂದು ಇವರು, ಆಚಾರ್ಯರ ಮಗಳಲ್ಲವೇ ಎಂದು ಕೋಚ್, ಇಬ್ಬರೂ ಕಣ್ಣು ನೋಡದೆ ಬಿಟ್ಟರು.

ಆರು ವರ್ಷ ಹೊಡೆದಳು. ನಲವತ್ತು ಗುಂಡಿನವರೆಗೆ ಅವಳ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ, ಆಮೇಲೆ ಕಣ್ಣು ಸೋತು ಗುರಿ ಅಲೆಯುತ್ತಿತ್ತು. ರಾಜ್ಯ ಜೂನಿಯರ್ ತಂಡದ ಆಯ್ಕೆ ಪ್ರತಿ ವರ್ಷ ಕೂದಲೆಳೆಯಲ್ಲಿ ತಪ್ಪುತ್ತಿತ್ತು. "ಇವಳಿಗೆ ಏಕಾಗ್ರತೆಯೇ ಇಲ್ಲ ಮಾರಾಯ್ರೆ, ಇಡೀ ದಿನ ಮೊಬೈಲ್" ಎಂದು ಅಪ್ಪ ರೇಗುವರು. ನಾನೂ ತಲೆಯಾಡಿಸಿದೆ. ಗುರಿ ಹಿಡಿಯುವಾಗ ಅವಳು ಕುತ್ತಿಗೆ ಸೊಟ್ಟ ಮಾಡುವುದನ್ನು ಆರು ವರ್ಷ ನೋಡಿದವನು ನಾನು. ನನ್ನ ಬಾಯಿಗೇನಾಗಿತ್ತೋ! ಕೊನೆಗೆ ಜೂನಿಯರ್ ವಯಸ್ಸು ದಾಟಿತು, ಅವಳು ಬಂದೂಕು ಕೆಳಗಿಟ್ಟು ಸೀವುಡ್ಸ್‌ನ ಆಫೀಸೊಂದಕ್ಕೆ ಸೇರಿದಳು.

ಕಳೆದ ವರ್ಷ ಒಂದು ಮಧ್ಯಾಹ್ನ ಗಾಳಾಕ್ಕೆ ಅಪ್ಪನ ಊಟದ ಡಬ್ಬಿ ತಂದವಳು, ಅಲ್ಲಿ ಗಿರಾಕಿ ಅಂಗೈ ಕಿಂಡಿ ಮಾಡಿ ನಿಂತದ್ದು ಕಂಡು ತಾನೂ ತಮಾಷೆಗೆ ಮಾಡಿದಳು. ಎಡಗಣ್ಣು ಮುಚ್ಚಿದಳು.

"ಪಪ್ಪಾ, ಘಡೀ ಗಾಯಬ್!"

ಆಚಾರ್ಯರು ಆ ದಿನ ಊಟ ಮಾಡಲಿಲ್ಲ. ಮರುದಿನದಿಂದಲೇ ಎಡಗಡೆಯ ರೈಫಲ್ ಶುರು ಮಾಡಿದರು. ಗುಂಡು ತುಂಬುವ ಸನ್ನೆಕೋಲು ಎಡಕ್ಕೆ, ಕೆನ್ನೆ ಆನಿಸುವ ಮರ ಎಡಕ್ಕೆ. ಅವಳು ಬೇಡವೆಂದರೂ ಕೈಮುಗಿದು ಒಪ್ಪಿಸಿದರು. ಆರು ತಿಂಗಳು ಆದಿತ್ಯವಾರಗಳಂದು ಅಪ್ಪನ ಸಮಾಧಾನಕ್ಕಾಗಿ ಹೊಡೆದಳು.

ಮೊನ್ನೆ ಅರವತ್ತೂ ಗುಂಡು ಹೊಡೆದಳು. ಅಂಕ ಬರೆದವನು ನಾನೇ. ಕೊನೆಯ ಇಪ್ಪತ್ತರಲ್ಲಿ ಒಂದೂ ಅಲುಗಲಿಲ್ಲ. ಜೂನಿಯರ್ ಆಯ್ಕೆಗೆ ಅಂದು ಬೇಕಿದ್ದ ಅಂಕಕ್ಕಿಂತ ನಾಲ್ಕು ಹೆಚ್ಚೇ ಬಂತು. ನಾನು ಚಪ್ಪಾಳೆಗೆ ಕೈ ಎತ್ತಿದ್ದೆ. ಅನುಷ್ಕಾ ರೈಫಲನ್ನು ಮೇಜಿನ ಮೇಲಿಟ್ಟು ಅಪ್ಪನ ಕಡೆ ತಿರುಗಿದಳು.

"ಇತನಾ ಆಸಾನ್ ಥಾ, ಪಪ್ಪಾ?"

ಇಷ್ಟು ಸುಲಭವಿತ್ತಾ ಎಂದು ಅಷ್ಟೇ ಕೇಳಿ ಬ್ಯಾಗ್ ತೆಗೆದುಕೊಂಡು ಸ್ಟೇಷನ್ ಕಡೆ ಹೋದಳು. ಆಚಾರ್ಯರು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಂದಾದರೂ ತಪ್ಪಬೇಕಿತ್ತು ಮಾರಾಯ್ರೆ" ಎಂದರು.