ಗವರ್ನರ್ ಮನೆಯ ದೂರಿನ ಕುರ್ಚಿ

ಈ ಬೆತ್ತದ ಕುರ್ಚಿಗೆ ನಾನು ಇನ್ನೂರು ಡಾಲರ್ ಕೊಟ್ಟೆ. ಒಂದು ಕೈ ಸಡಿಲ, ಬೆತ್ತ ಅಲ್ಲಲ್ಲಿ ಹರಿದಿದೆ. ನಲವತ್ತಕ್ಕಿಂತ ಹೆಚ್ಚು ಬಾಳುವ ಸಾಮಾನಲ್ಲ. ಅದೂ ಪುಕ್ಕಟೆ ಒಯ್ಯಿ ಅಂದವರಿಗೆ ಒತ್ತಾಯ ಮಾಡಿ ಕೊಟ್ಟ ದುಡ್ಡು. ತುಮಕೂರಲ್ಲಿ ಸೋದರಮಾವನ ಗುಜರಿ ಅಂಗಡಿಯಲ್ಲಿ ಚೌಕಾಶಿ ಕಲಿತು, ಕೆನಡಾದ ಮಿಸಿಸಾಗದಲ್ಲಿ ಹಳೇ ಫರ್ನಿಚರ್ ಮಾರಿ ಮನೆ ಕಟ್ಟಿಕೊಂಡವನು ನಾನು. ಹಾಗಾದರೆ ಯಾಕೆ ಕೊಟ್ಟೆ? ಟೆಲಿಫೋನ್ ಬಿಲ್ಲಿಗೆ. ಅದೇನು ಅಂತ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ನನಗಂತೂ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಸತ್ತವರ ಮಂಚ ಮಾರಿದ್ದೇನೆ, ಕನ್ನಡಿ ಮಾರಿದ್ದೇನೆ. ಕೊಳ್ಳುವಾಗ 'ಇದರ ಮೇಲೇ ತೀರಿಕೊಂಡರಾ?' ಅಂತ ಮುಖ ಸಣ್ಣದು ಮಾಡಿ ಬೆಲೆ ಇಳಿಸುತ್ತಿದ್ದೆ. ದೆವ್ವ ನನಗೆ ವ್ಯಾಪಾರದ ಒಂದು ಪಟ್ಟು, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಪಕ್ಕದ ಊರು ಓಕ್‌ವಿಲ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ತಂದೆಯನ್ನು ಕರೆದುಕೊಂಡು ಚಿಕ್ಕ ಮನೆಗೆ ಹೋಗುತ್ತಿದ್ದಾಳಂತೆ, ಸಾಮಾನು ಖಾಲಿ ಮಾಡಬೇಕಂತೆ. ಶನಿವಾರ ಮಧ್ಯಾಹ್ನ ವ್ಯಾನ್ ತೆಗೆದುಕೊಂಡು ನಾನೂ ನನ್ನ ಹೆಂಡತಿ ರತ್ನಳೂ ಹೋದೆವು. ತಂದೆ ಅಂದರೆ ಎಂಬತ್ತು ದಾಟಿದ ಮುದುಕರು, ಎತ್ತರದ ಆಳು. ಪೆಸಿಫಿಕ್ ಸಾಗರದ ನಡುವೆ, ಯಾವುದೋ ದೂರದ ದೇಶ ಆಳುತ್ತಿದ್ದ ಒಂದಿಷ್ಟು ದ್ವೀಪಗಳಿಗೆ ಗವರ್ನರ್ ಆಗಿದ್ದವರಂತೆ.

ರತ್ನ ನನ್ನ ಕಿವಿಯಲ್ಲಿ, "ಗವರ್ನರ್ ಅಂದ್ರೆ ರಾಜಭವನ ಇರಬೇಕಲ್ವೇನ್ರೀ? ಇಲ್ಲಿ ಹೀಟರೂ ಸರಿಯಿಲ್ಲ" ಅಂದಳು.

"ಸುಮ್ನಿರೇ, ಗವರ್ನರ್ ಅಂತ ಬಾಯಲ್ಲಿ ಬಂದ್ರೆ ರೇಟು ಏರುತ್ತೆ" ಅಂದೆ.

ಮುದುಕರಿಗೆ ಮಾತಾಡುವ ಆಸೆ. ಕೇಳಿಸಿಕೊಂಡರೆ ಬೆಲೆ ಇಳಿಯುತ್ತದೆ ಅನ್ನುವುದು ನನ್ನ ಅನುಭವ, ಹಾಗಾಗಿ ಕೇಳಿದೆ. ಹಡಗಿಗೆ ಬಣ್ಣ ಬಳಿಯುವವನ ಮಗ. ಇಪ್ಪತ್ತರ ಚಿಲ್ಲರೆ ವಯಸ್ಸಿನಲ್ಲಿ ದ್ವೀಪಕ್ಕೆ ಗುಮಾಸ್ತನಾಗಿ ಹೋದವರು, ದೋಣಿಯಲ್ಲಿ ಊರೂರು ತಿರುಗಿ, ಅವರ ಭಾಷೆ ಕಲಿತು, ಮೆಟ್ಟಿಲು ಮೆಟ್ಟಿಲಾಗಿ ಗವರ್ನರ್ ಆದರು. ಚಂಡಮಾರುತ ಸ್ಕೂಲು ಹಾರಿಸಿಕೊಂಡು ಹೋದಾಗ ಜನರ ಜೊತೆ ನಿಂತು ಗೋಡೆ ಎಬ್ಬಿಸಿದರಂತೆ. ನಾನೂ ಕೆಳಗಿಂದ ಬಂದವನು, ಮನುಷ್ಯ ಹಿಡಿಸಿದ.

ಅವರ ಎದುರಿಗೇ ಇತ್ತು ಈ ಕುರ್ಚಿ. ಹಳೇ ಕುರ್ಚಿ ಗಟ್ಟಿ ಇದೆಯೋ ಇಲ್ಲವೋ ನೋಡಲು ನಾವು ಮಾಡುವುದು ಒಂದೇ, ಧಡಕ್ಕನೆ ಕೂರುವುದು. ಕೂತೆ.

ಬಾಗಿಲಲ್ಲಿದ್ದ ಮಗಳು "ಅಯ್ಯೋ, ಅದರಲ್ಲಿ ಬೇಡ!" ಅಂದಳು. ಅಷ್ಟರಲ್ಲಿ ಮುದುಕರು ಶೂ ಬಿಚ್ಚಿ, ಗೋಡೆ ಹಿಡಿದುಕೊಂಡು ನಿಧಾನಕ್ಕೆ ನನ್ನೆದುರು ನೆಲದ ಮೇಲೆ ಕೂತುಬಿಟ್ಟರು. ನಾನು 'ನಲವತ್ತಕ್ಕೆ ಕೊಡ್ತೀರಾ' ಅಂತ ಕೇಳಲು ಉಸಿರು ಎಳೆದುಕೊಂಡೆ. ಅಲ್ಲಿಯವರೆಗೆ ನನಗೆ ನೆನಪಿದೆ. ಆಮೇಲೆ ನೋಡಿದರೆ ಮುದುಕರ ಗಡ್ಡದಿಂದ ಕಣ್ಣೀರು ತೊಟ್ಟಿಕ್ಕುತ್ತಿದೆ, ರತ್ನ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾಳೆ.

ನಡುವೆ ಆಗಿದ್ದನ್ನು ರತ್ನ ಹೇಳಬೇಕು. ನಾನು ಕನ್ನಡದಲ್ಲಿ, ಆದರೆ ನನ್ನದಲ್ಲದ ಸಣ್ಣ ದನಿಯಲ್ಲಿ ಹೇಳಿದೆನಂತೆ: "ನಮ್ಮನ್ನ ಕಳಿಸೋದಾದ್ರೆ ಕಳಿಸಿ ಸ್ವಾಮಿ. ಬಾವಿ ಮಾತ್ರ ಮುಚ್ಚಬೇಡಿ. ತಿರುಗಿ ಬಂದವರು ಏನು ಕುಡೀಬೇಕು?" ಅದಕ್ಕೆ ಆ ಮುದುಕರು ಇಂಗ್ಲಿಷಿನಲ್ಲಿ, "ಮುಚ್ಚಿಬಿಟ್ಟೆವು, ತಾಯಿ. ಅದಕ್ಕೂ ನಾನೇ ಸಹಿ ಹಾಕಿದೆ" ಅಂದರಂತೆ.

ಆಮೇಲೆ ಅವರೇ ಬಿಡಿಸಿ ಹೇಳಿದರು. ಅದು ದೂರಿನ ಕುರ್ಚಿ. ಅಹವಾಲಿನ ದಿನ ಬಂದವರು ಕುರ್ಚಿಯಲ್ಲಿ, ಗವರ್ನರ್ ನೆಲದ ಚಾಪೆಯ ಮೇಲೆ. ಬಂದವರು ಬಾಯಿ ಬಿಡುವವರೆಗೆ ತಾನು ಮಾತಾಡಬಾರದು ಅನ್ನುವುದು ಅವರೇ ಮಾಡಿಕೊಂಡ ನಿಯಮ. ಅಧಿಕಾರದ ಕೊನೆಯ ವರ್ಷ, ಒಂದು ಪುಟ್ಟ ದ್ವೀಪವನ್ನು ಖಾಲಿ ಮಾಡಿಸಿ ವಿಮಾನ ಇಳಿಯುವ ಜಾಗ ಮಾಡಬೇಕು ಅಂತ ಮೇಲಿನಿಂದ ಹುಕುಂ ಬಂತು. ಸಹಿ ಆಗುವ ಮುಂಚೆ ಆ ದ್ವೀಪದ ಒಬ್ಬ ಅಜ್ಜಿ ಬಂದು ಇದೇ ಕುರ್ಚಿಯಲ್ಲಿ ಕೂತಳು. ದೀಪ ಹಚ್ಚುವ ಹೊತ್ತಿನವರೆಗೂ ತುಟಿ ಬಿಚ್ಚಲಿಲ್ಲ. ಎದ್ದು ಹೋದಳು. ಇವರೂ ಕೇಳಲಿಲ್ಲ, ಸಹಿ ಹಾಕಿದರು. ಜನರನ್ನು ಸಾಗಿಸಿದ ಮೇಲೆ, ಯಾರೂ ತಿರುಗಿ ಬಾರದಿರಲಿ ಅಂತ ಅಲ್ಲಿದ್ದ ಒಂದೇ ಬಾವಿಯನ್ನೂ ಮುಚ್ಚಿಸಿದರು.

"ನಿಯಮ ನನ್ನದು. ಮುರಿಯಬಹುದಿತ್ತು" ಅಂದರು ಮುದುಕರು. ವಿಮಾನ ನಿಲ್ದಾಣ ಆಗಲೇ ಇಲ್ಲವಂತೆ. ಜನ ತಿರುಗಿ ಹೋಗಿ ನೆಲೆಸಿ, ಕುಡಿಯುವ ನೀರನ್ನು ಇವತ್ತಿಗೂ ದೋಣಿಯಲ್ಲಿ ತರುತ್ತಾರಂತೆ. ಅಜ್ಜಿ ಏನು ಹೇಳಲು ಬಂದಿದ್ದಳು ಅನ್ನುವ ಯೋಚನೆಯಲ್ಲೇ ಅವರ ಮುಪ್ಪು ಕಳೆದಿತ್ತು. ಆ ಕುರ್ಚಿಯಲ್ಲಿ ಇನ್ಯಾರನ್ನೂ ಕೂರಿಸಿರಲಿಲ್ಲ.

ಅವರು ಎದ್ದವರೇ, "ನನ್ನ ಕೈ ಕೆಳಗೆ ಇದ್ದ ಹುಡುಗರು ಈಗ ಅಲ್ಲಿ ದೊಡ್ಡ ಸ್ಥಾನದಲ್ಲಿದ್ದಾರೆ. ಬಾವಿ ತೆಗೆಸಿ ಅಂತ ಹೇಳಬೇಕು, ಫೋನ್ ಹಚ್ಚು" ಅಂದರು. ಮಗಳು, "ಡ್ಯಾಡಿ, ಅಲ್ಲಿಗೆ ಮಾತಾಡಿದರೆ ಬಿಲ್ಲು ಎಷ್ಟು ಬರುತ್ತೆ ಗೊತ್ತಾ?" ಅಂದಳು. ಆಗ ಬಿಲ್ಲಿಗೆ ಅಂತ ನಾನು ಒತ್ತಾಯ ಮಾಡಿ ಕೊಟ್ಟಿದ್ದು ಆ ಇನ್ನೂರು. ಕುರ್ಚಿ ತೆಗೆದುಕೊಂಡು ಹೋಗು, ಅದರ ಕೆಲಸ ಮುಗಿಯಿತು ಅಂದರು ಮುದುಕರು.

ಮಾರನೆಯ ವರ್ಷ ಮಗಳು ಫೋನ್ ಮಾಡಿದಳು. ಮುಚ್ಚಿದ್ದ ಬಾವಿ ತೆಗೆಸಿದ್ದಾರೆ, ನೀರು ಸಿಹಿಯಾಗಿದೆಯಂತೆ. "ಡ್ಯಾಡಿ ತೀರಿಹೋಗುವ ಮುಂಚೆ ಈ ಸುದ್ದಿ ಕೇಳಿಸಿಕೊಂಡರು. ಕುರ್ಚಿಗೆ ಬಂದವರಿಗೆ ತಿಳಿಸು ಅಂದರು" ಅಂದಳು. ಯಾರಿಗೆ ತಿಳಿಸಲಿ? ಕುರ್ಚಿಯ ಎದುರು ನಿಂತು ನಾನೇ ಕನ್ನಡದಲ್ಲಿ ಹೇಳಿದೆ.

ಇಲ್ಲೇ ನ್ಯೂಮಾರ್ಕೆಟ್ ಅನ್ನುವ ಊರಲ್ಲಿ ನಮ್ಮವರೇ ಒಬ್ಬ ನಿವೃತ್ತ ಡಾಕ್ಟರ್ ಇದ್ದಾರೆ. ಅವರ ಹತ್ತಿರ ಹೇಳಿಕೊಂಡೆ. "ಊಟ ಬಿಟ್ಟಿರ್ತೀಯ, ಶುಗರ್ ಇಳಿದಿರುತ್ತೆ. ಬಾಯಿಗೆ ಬಂದಿದ್ದು ಬಡಬಡಿಸಿದೀಯ" ಅಂದರು.

"ಸರಿ ಡಾಕ್ಟ್ರೇ, ಇಳಿದಿದ್ದು ನನ್ನ ಶುಗರ್ರು. ಆ ಮುದುಕರಿಗೆ ಕನ್ನಡ ಹೆಂಗೆ ಅರ್ಥ ಆಯ್ತು?" ಅಂದೆ. ಅವರು ಕಾಫಿ ಕುಡಿದರು.

ನನಗೂ ಇವತ್ತಿನವರೆಗೆ ಗೊತ್ತಿಲ್ಲ. ಕುರ್ಚಿ ಬೇಸ್‌ಮೆಂಟಲ್ಲಿದೆ, ಮಾರಾಟಕ್ಕಿಲ್ಲ. ನಿಮಗೆ ಹೇಳುವುದಿಷ್ಟೇ: ಹಳೇ ಕುರ್ಚಿ ಕೊಳ್ಳುವಾಗ ಮೊದಲು ಬೋರಲು ಹಾಕಿ ಕಾಲಿನ ಕೀಲು ನೋಡಿ, ಬೆತ್ತದ ಹಿಂದೆ ಬೆರಳಾಡಿಸಿ. ಕೂತು ನೋಡುವುದು ಕೊನೆಗೆ, ಅದೂ ಮನೆಯವರನ್ನು ಕೇಳಿ. ಮತ್ತೆ, ಯಾರಾದರೂ ನಿಮ್ಮೆದುರು ಬಂದು ಕೂತು ಸುಮ್ಮನೇ ಇದ್ದರೆ ಅವರೇ ಹೇಳಲಿ ಅಂತ ಕಾಯಬೇಡಿ. ಏನಮ್ಮಾ ಅಂತ ನೀವೇ ಕೇಳಿ. ಆಗ ಕೇಳಿದರೆ ಒಂದು ಕಾಸೂ ಖರ್ಚಿಲ್ಲ.