ಡಬ್ಬಿಗೆ ಸೂಟಿ

ನಮ್ಮ ಚಿಗವ್ವಗ ವೈಫೈ ಡಬ್ಬಿನ ದನಿ ಆಗಿತ್ತು. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ ಆಕಿ, ಮುಂಡರಗಿಗೆ ಕೊಟ್ಟಿದ್ರು. ಗಂಟಲದಾಗ ಗಡ್ಡಿ ಆಗಿ ಡಾಕ್ಟರು ಧ್ವನಿ ಪೆಟ್ಟಿಗಿನ ತಗದು ಹಾಕಿದ್ರು. ಕೊಳ್ಳಾಗ ತೂತು ಮಾಡಿ ಸಣ್ಣ ಕೊಳವಿ ಇಟ್ರು, ಉಸಿರಾಡೂದು ಅದರಾಗಿಂದನ. ಓಣಿ ತುಂಬ ಕೇಳೂ ಹಂಗ ನಗತಿದ್ದ ಹೆಣಮಗಳು ಆಕಿ. ಆಮ್ಯಾಲೆ ನಕ್ರ ಬರೇ ಹೆಗಲು ಅಲುಗ್ಯಾಡತಿದ್ವು.

ಆ ಕೊಳವ್ಯಾಗ ಕಫ ಕಟ್ಟಿದ್ರ ಯಾರರ ಬಂದು ತಗೀಬೇಕು, ಜಲ್ದಿ ತಗೀಬೇಕು. ಆದ್ರ ಕರೀಬೇಕು ಹೆಂಗ? ಬಡಿಯಾಕ ಅಂತ ಒಂದು ಸ್ಟೀಲ್ ತಾಟು, ಚಮಚ ಕೊಟ್ಟು ನೋಡಿದ್ರು. ನಾ ಏನು ಭಿಕ್ಷಾ ಬೇಡಾಕಿ ಏನು ಅನ್ನೂ ಹಂಗ ಕೈ ಮಾಡಿ, ಅದನ್ನ ಮಂಚದ ಕೆಳಗ ಒದ್ದುಬಿಟ್ಲು. ಚಿಗವ್ವನ ಸೊಸಿ ಒಳ್ಳೇಕಿ, ಪಾಪ. ಆದ್ರ ಮನಿ ಮುಂದ ಅವರದ ಹಿಟ್ಟಿನ ಗಿರಣಿ, ಅದು ಶುರು ಆತಂದ್ರ ಬಡದ್ರೂ ಕೇಳೂದಿಲ್ಲ. ಸೊಸಿ ಸೊಂಟಕ್ಕ ಸಿಗಿಸಿಕೊಂಡಿದ್ದದ್ದು ಗುಂಡಿ ಒತ್ತೂ ಹಳೇ ಫೋನು, ಯಾರರ ಹಚ್ಚಿದ್ರ ನಡುಗತಿತ್ತು, ಆದ್ರ ಅದರಾಗ ವಿಡಿಯೋ ಇಲ್ಲ. ಚಿಗವ್ವ ಮಲಗೂ ಹಿಂದಿನ ಖೋಲ್ಯಾಗ ಮೊಬೈಲ್ ಸಿಗ್ನಲ್ ಒಂದು ಕಡ್ಡಿನೂ ಬರೂದಿಲ್ಲ, ಇದ್ದದ್ದು ವೈಫೈ ಅಷ್ಟ.

ಕಡೀಕ ಆಕಿನ ಒಂದು ದಾರಿ ಹುಡುಕಿದ್ಲು. ಏನರ ಬೇಕಾದ್ರ ಬೆಟಗೇರಿಗೆ, ನಮ್ಮ ಅವ್ವಗ, ವಿಡಿಯೋ ಕಾಲ್ ಹಚ್ಚೂದು. ನೀರು ಬೇಕಾದ್ರ ಹೆಬ್ಬೆರಳು ಬಾಯಿಗೆ, ಕಫ ಕಟ್ಟಿದ್ರ ಕೈ ಕೊಳ್ಳಿಗೆ. ಅವ್ವ ತಕ್ಷಣ ಸೊಸಿಗೆ ಫೋನ್ ಮಾಡಿ, "ನಿಮ್ಮತ್ತಿ ಕರ್ಯಾಕತ್ತಾಳ, ಗಿರಣಿ ಬಿಟ್ಟು ಒಳಗ ಹೋಗವಾ" ಅಂತಿದ್ಲು. ಪಕ್ಕದ ಖೋಲಿಗೆ ಹೋಗಬೇಕಾದ ಕೂಗು ಬೆಟಗೇರಿಗೆ ಬಂದು ತಿರುಗಿ ಮುಂಡರಗಿಗೆ ಹೋಗತಿತ್ತು. ನಗಬ್ಯಾಡ್ರಿ, ಖರೇನ ಹಂಗ ನಡೀತಿತ್ತು, ಚಂದನ ನಡೀತಿತ್ತು.

ಕೈ ಕೊಡತಿದ್ದದ್ದು ನಮ್ಮ ಮನಿ ಡಬ್ಬಿ. ನಮ್ಮದು ಸೀರಿ ನೇಯೂ ಮನಿ. ಡಬ್ಬಿ ಇಟ್ಟದ್ದು ಮಗ್ಗದ ಮ್ಯಾಲಿನ ಗೂಡಿನ್ಯಾಗ, ಅದರ ಮ್ಯಾಲೆ ಅವ್ವ ತಾನ ಹೆಣದ ಲೇಸಿನ ಬಟ್ಟಿ ಹೊಚ್ಚಿದ್ಲು. ಮುಟ್ಟಿದ್ರ ಕೆಂಡ. ಚಿಗವ್ವ ಕೈ ಎತ್ತಿದ್ಲು ಅನ್ನೂದ್ರಾಗ ಫೋನಿನ್ಯಾಗಿನ ಪಟ ನಿಂತುಬಿಡತಿತ್ತು, ಡಬ್ಬಿ ಮ್ಯಾಲೆ ಕೆಂಪು ದೀಪ. ಆಕಿ ಕೈ ಬಾಯಿಗೆ ಹೊಂಟೈತೋ ಕೊಳ್ಳಿಗೆ ಹೊಂಟೈತೋ ತಿಳೀದ ಅವ್ವ ಒದ್ದಾಡತಿದ್ಲು. ಕಂಪನಿಯವಗ ಫೋನ್ ಮಾಡಿದ್ರ, "ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಮೇಡಂ." ಏನ್ರಿ, ಅಷ್ಟು ಗೊತ್ತಿಲ್ಲೇನು ನಮಗ! ಬೈದು ಬೈದು ಕರಿಸಿದ್ರ ಬಂದು, ಹಿಂದಿನ ತೂತಿನ್ಯಾಗ ಸೂಜಿ ಚುಚ್ಚಿ, ವಾಯರ್ ಕಿತ್ತು ಸಿಗಿಸಿ ಹೋಗತಿದ್ದ. ಅಂವ ಓಣಿ ದಾಟೂದ್ರಾಗ ಮತ್ತ ಕೆಂಪು. "ಇದರ ಹೆಣಾ ಎತ್ತಲಿ" ಅಂತ ನಾ ದಿನಾ ಬೈತಿದ್ದೆ.

ಅವ್ವಂದು ಬ್ಯಾರೆ ಲೆಕ್ಕ. "ಅದಕ್ಕ ದಣಿವಾಗೇತಿ. ಮಗ್ಗಕ್ಕ ಅಮಾಸಿಗರ ಸೂಟಿ ಕೊಡತೀವಿ. ಇದನ್ನ ಹಗಲಿಲ್ಲ ರಾತ್ರಿಲ್ಲ ದುಡಸ್ತೀವಿ, ಒಮ್ಮೆರ ಪೂಜಿ ಮಾಡೀವೇನು?" ಅಂದ್ಲು. ದಸರಾದ ಖಂಡೇ ಪೂಜಿ ಹತ್ರ ಬಂದಿತ್ತು. ಅವತ್ತು ನಮ್ಮ ಕಡೆ ಮಗ್ಗ, ಲಾಳಿ, ಕತ್ತರಿ, ಎಲ್ಲಾ ತೊಳದು ಪೂಜಿ ಮಾಡಿ ಇಟ್ರ, ಮರದಿನ ಬನ್ನಿ ಮುಡಿಯೂತನಕ ಮುಟ್ಟೂದಿಲ್ಲ.

ಹಿಂದಿನ ದಿನ ಅವ್ವ ವಿಡಿಯೋದಾಗ ತಂಗಿಗೆ ಹೇಳಿದ್ಲು, "ನಾಳಿ ನಿಮ್ಮ ಡಬ್ಬಿಗೂ ವಿಭೂತಿ ಹಚ್ಚಿ ಬಂದ್ ಇಡಸು. ನಾಡದ್ದು ಬನ್ನಿ ಮುಡದು ಇಬ್ಬರೂ ಕೂಡೇ ಚಾಲೂ ಮಾಡೂಣು. ಆಮ್ಯಾಲೆ ನೋಡು ಹೆಂಗ ಓಡತೈತಿ."

"ಅವ್ವಾ, ಅಷ್ಟರಾಗ ಆಕಿಗೆ ಏನರ ಬೇಕಾದ್ರ?" ಅಂದೆ.

"ಹಬ್ಬದ ದಿನ ಮನಿ ತುಂಬ ಮಂದಿ ಇರ್ತಾರ. ಬಿಡಲೇ ಹುಚ್ಚಿ."

ಚಿಗವ್ವ ಹೂಂ ಅನ್ನೂ ಹಂಗ ತಲಿ ಹಾಕಿದ್ಲು. ಡಬ್ಬಿಗೆ ಪೂಜಿ ಅಂದದ್ದು ಕೇಳಿ ಆಕಿ ಹೆಗಲು ಅಲುಗ್ಯಾಡಾಕ ಹತ್ತಿದ್ವು. ಆಕಿ ನಕ್ಕದ್ದನ್ನ ನಾವು ನೋಡಿದ್ದು ಅದ ಕಡೀದು.

ಪೂಜಿ ದಿನ ಅವ್ವ ಡಬ್ಬಿ ಕೆಳಗಿಳಿಸಿ, ಲೇಸಿನ ಬಟ್ಟಿ ತಗದು, ಹಳೇ ಬ್ರಷ್ಷಿಲೆ ಅದರ ಸಂದಿ ಸಂದಿ ತಿಕ್ಕಿದ್ಲು. ನೂಲಿನ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಒಂದು ಬತ್ತಿ ಹೊಸಿಯೂವಷ್ಟು ಬಂತು. ಆಮ್ಯಾಲೆ ವಿಭೂತಿ ಎಳದು, ಕುಂಕುಮ ಇಟ್ಟು, ಚೆಂಡು ಹೂ ಏರಿಸಿ ಲಾಳಿ ಪಕ್ಕ ಕುಂಡರಿಸಿದ್ಲು.

ದೀಪ ಹಚ್ಚೂ ಹೊತ್ತಿಗೆ ಸೊಸಿ ಫೋನ್ ಬಂತು. ಅತ್ತಿ ಹೋದ್ರು ಅಂದ್ಲು.

ನಾವು ಹೋಗೂದ್ರಾಗ ನಮ್ಮ ಪದ್ಧತಿಯಂಗ ಚಿಗವ್ವನ್ನ ಗ್ವಾಡಿಗೆ ಆನಿಸಿ ಕುಂಡರಿಸಿದ್ರು. ಕೈಯಾಗಿನ ಫೋನ್ ಬಿಡಸಾಕ ಬಾಳ ತ್ರಾಸ ಆತು ಅಂತ ಯಾರೋ ಅಂದ್ರು. ಕಪಾಟಿನ ಮ್ಯಾಲೆ ಅವರ ಡಬ್ಬಿ ಇತ್ತು, ವಿಭೂತಿ, ಕುಂಕುಮ, ಹೂ, ಎಲ್ಲಾ ಅವ್ವ ಹೇಳಿದಂಗ. ಪ್ಲಗ್ ಕಿತ್ತು ಪಕ್ಕಕ್ಕ ಇಟ್ಟಿದ್ರು.

ಸೊಸಿ ಅವ್ವನ ಕಾಲು ಹಿಡಕೊಂಡು ಅಳಾಕತ್ತಿದ್ಲು. "ಎಲ್ಲಾರೂ ಮುಂದ ಗಿರಣಿಗೆ ತೋರಣ ಕಟ್ಟಾಕತ್ತಿದ್ವಿರಿ ದೊಡ್ಡವ್ವಾ. ಪೂಜಿ ಅಂತ ಗಿರಣಿನೂ ಬಂದ್ ಇತ್ರಿ. ಒಂಚೂರು ಸಪ್ಪಳ ಆಗಿದ್ರೂ ಕೇಳತಿತ್ರಿ. ಒಳಗ ಬಂದು ನೋಡೂದ್ರಾಗ ಉಸಿರು ಕಟ್ಟಿ ಹೋಗಿದ್ರು." ವರ್ಷಾನುಗಟ್ಟಲೆ ಗುಡುಗಿದ ಮನಿ ಅವತ್ತೊಂದ ದಿನ ಸುಮ್ಮನಿತ್ತು. ತಾಟು ಇನ್ನೂ ಮಂಚದ ಕೆಳಗ ಇತ್ತು.

"ನಾನ ಹೇಳಿದ್ದು," ಅಂದ್ಲು ಅವ್ವ. ನನಗ ಆಕಿ ಮ್ಯಾಲೆ ಎಂಥಾ ಸಿಟ್ಟು ಬಂತಂದ್ರ, ಎದಿ ಮ್ಯಾಲೆ ಗುದ್ದಿ ಕೇಳಬೇಕನ್ನಿಸ್ತು. ಹಂಗ ತಬ್ಬಿಕೊಂಡು ಅಳಬೇಕಂತನೂ ಅನ್ನಿಸ್ತು. ಎರಡೂ ಮಾಡಲಿಲ್ಲ, ಹೋಗಿ ಆಕಿಗೆ ನೀರು ತಂದು ಕೊಟ್ಟೆ.

ಮನಿಗೆ ಬಂದ ಮ್ಯಾಲೆ ಡಬ್ಬಿ ಚಾಲೂ ಮಾಡಿದೆ. ಹಸರು ದೀಪ ಬಂತು, ಅವತ್ತಿನಿಂದ ಹಸರ ಐತಿ. ಒಂದು ದಿನಾನೂ ನಿಂತಿಲ್ಲ, ಬಿಸಿ ಆಗಿಲ್ಲ. ದಣಿವು ಅಲ್ಲ, ಧೂಳು. ಒಂದು ಬ್ರಷ್ಷಿಲೆ ತಿಕ್ಕಿದ್ರ ಸಾಕಿತ್ತು, ಬಂದ್ ಇಡೂದು ಬೇಕಾಗಿದ್ದಿಲ್ಲ. ಇದನ್ನ ನಾ ಅವ್ವಗ ಹೇಳಿಲ್ಲ, ಹೇಳೂದೂ ಇಲ್ಲ.

ಈ ವರ್ಷ ಮತ್ತ ಖಂಡೇ ಪೂಜಿ ಬಂತು. ಅವ್ವ ಮಗ್ಗ ಒರಸಿದ್ಲು, ಲಾಳಿ ತೊಳದ್ಲು, ಕತ್ತರಿಗೆ ಕುಂಕುಮ ಇಟ್ಲು. ಗೂಡಿನ್ಯಾಗಿನ ಡಬ್ಬಿ ಕಡೆ ನೋಡಲೇ ಇಲ್ಲ.

"ಇದನ್ನೂ ಬಂದ್ ಮಾಡಿ ಒರಸಲೇನವಾ?" ಅಂತ ಕೇಳಿದೆ.

"ಬ್ಯಾಡ," ಅಂದ್ಲು. "ಆಕಿ ಫೋನ್ ಹಚ್ಚಿದ್ರ?"