ಅಕ್ಕೋರ ಸೆರಗಿನ ಗಂಟು

ಅಕ್ಕೋರ ಸೆರಗಿನ ತುದಿ ಸಪಾಟಾಗಿ ಇದ್ದದ್ದನ್ನು ನಾನು ಕಂಡೇ ಇಲ್ಲ. ಹುಣಸೆಬೀಜದಷ್ಟು ದಪ್ಪದ ಎರಡೋ ಮೂರೋ ಗಂಟು ಅಲ್ಲಿ ಇದ್ದೇ ಇರುತ್ತಿದ್ದವು. ಬ್ಯಾಡಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರು. ಯಾರಾದರೂ ಎರಡು ಶಬ್ದಗಳನ್ನು ಕಲಸುಮೇಲೋಗರ ಮಾಡಿದರೆ ಬೈಯುತ್ತಿರಲಿಲ್ಲ, ಸೆರಗಿಗೊಂದು ಗಂಟು ಹಾಕುತ್ತಿದ್ದರು. ಆ ಹುಡುಗಿ ಸರಿಯಾಗಿ ಹೇಳುವತನಕ ಅದನ್ನು ಬಿಚ್ಚುತ್ತಿರಲಿಲ್ಲ. ಮರುದಿನ ಬೇರೆ ಸೀರೆ ಉಟ್ಟರೂ ನೆನಪಿಟ್ಟು ಅಷ್ಟೇ ಗಂಟು ಹಾಕಿಕೊಂಡು ಬರುತ್ತಿದ್ದರು. ಎಂಥ ಹಟ ನೋಡಿ!

"ಡಬ್ಬಿ ಮೆಣಸಿನಕಾಯಿ ಯಾವುದು, ಕಡ್ಡಿ ಮೆಣಸಿನಕಾಯಿ ಯಾವುದು ಅಂತ ಕಣ್ಣು ಮುಚ್ಚಿ ಹೇಳ್ತೀರಿ. ಇವೆರಡು ಶಬ್ದ ಏನು ಮಹಾ?" ಎನ್ನುತ್ತಿದ್ದರು. ಶೇಡ್, ಶ್ಯಾಡೋ ಎರಡೂ ನಮಗೆ ನೆರಳೇ. ಬೇವಿನ ಗಿಡದ ಕೆಳಗೆ ಕೂಡಿಸಿ, "ಇದು ಶೇಡ್" ಎಂದರು. ಆಮೇಲೆ ಬಿಸಿಲಿನಲ್ಲಿ ನಡೆಸಿ, "ಕಾಲಿಗೆ ಅಂಟಿಕೊಂಡು ಬರಾಕತ್ತೇತಲ್ಲ, ಅದು ಶ್ಯಾಡೋ" ಎಂದರು. ಅದು ಇಂದಿಗೂ ಮರೆತಿಲ್ಲ.

ಹಿಯರ್, ಲಿಸನ್ ಎರಡಕ್ಕೂ ನಾವು 'ಕೇಳು' ಅನ್ನುತ್ತೇವೆ. "ಮನುಷ್ಯಾರ ಮಾತಿಗೆ ಲಿಸನ್, ಉಳಿದ ಸಪ್ಪಳಕ್ಕೆಲ್ಲಾ ಹಿಯರ್" ಎಂದು ಅಕ್ಕೋರು ಹೇಳಿಕೊಟ್ಟರು. ಮುಂದೆ ರಾಣೇಬೆನ್ನೂರಿನ ಶಾಲೆಯಲ್ಲಿ ನಾನೂ ಇಂಗ್ಲಿಷ್ ಅಕ್ಕೋರಾದಾಗ ಮಕ್ಕಳಿಗೆ ಅದನ್ನೇ ಕಲಿಸಿದೆ.

ಹೋದ ವರ್ಷ ಒಂದು ಮಧ್ಯಾಹ್ನ, ನಿವೃತ್ತರಾಗಿದ್ದ ಅಕ್ಕೋರು ಬಸ್ಸಿಳಿದು ನಮ್ಮ ಮನೆಗೆ ಬಂದರು. ಸೆರಗಿನ ಅಂಚಿನ ತುಂಬ ಗಂಟು. ಕುಂದ್ರಿ ಎಂದರೂ ಕೂಡಲಿಲ್ಲ.

"ನಿಮಗೆಲ್ಲಾ ತಪ್ಪು ಕಲಿಸೇನವ್ವ," ಎಂದರು. "ಪೇಪರಿನ್ಯಾಗ ಮಳಿ ಸಪ್ಪಳಕ್ಕೂ ಲಿಸನ್ ಅಂತ ಬರದಿತ್ತು. ಡಿಕ್ಷನರಿ ತಗದು ನೋಡಿದೆ. ಮನುಷ್ಯಾರೋ ಮಳಿಯೋ, ಅದಲ್ಲ ಮಾತು. ತಾನಾಗೇ ಕಿವಿಗೆ ಬಿದ್ದದ್ದು ಹಿಯರ್. ನಾವಾಗಿ ಕಿವಿಗೊಟ್ಟದ್ದು ಲಿಸನ್."

"ಇಷ್ಟಕ್ಕ ಬ್ಯಾಡಗಿಯಿಂದ ಬಂದ್ರೇನ್ರಿ? ಫೋನ್ ಮಾಡಿದ್ರ ಸಾಕಿತ್ತು."

"ಎದುರಿಗೆ ನಿಂತು ಕಲಿಸಿದ್ದನ್ನ ಎದುರಿಗೇ ನಿಂತು ತಿದ್ದಬೇಕು. ಹಾವೇರಿಯಾಗಿರೋ ಹಳೇ ಹುಡುಗ್ಯಾರಿಗೆ ಹೇಳಿ ಬಂದೆ, ನಾಳೆ ಮೇಡ್ಲೇರಿಯವರಿಗೆ ಹೇಳಾಕ ಹೊಂಟೇನಿ. ನೀನೂ ನಿನ್ನ ಹುಡುಗರಿಗೆ ಹೇಳು. ಹೇಳಿದ ಮ್ಯಾಲೆ ಇದರಾಗಿನ ನಿನ್ನ ಹೆಸರಿನ ಗಂಟು ಬಿಚ್ಚತೀನಿ."

ಆಗಲಿ ಎಂದೆ. ಆದರೆ ಧೈರ್ಯ ಬರಬೇಕಲ್ಲ! ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ಬೆಂಚಿನವರು ಆಗಷ್ಟೇ ನನ್ನ ಮಾತಿಗೆ ಬೆಲೆ ಕೊಡತೊಡಗಿದ್ದರು. ನಾನೇ ತಪ್ಪು ಎಂದರೆ ನಾಳೆಯಿಂದ ತಲೆಯ ಮೇಲೆ ಮೆಣಸು ಅರೆಯುತ್ತಾರೆ ಎಂದು ಹೆದರಿ ಸುಮ್ಮನಾದೆ.

ವಾರದ ಮೇಲೆ ಅಕ್ಕೋರ ಫೋನು ಬಂತು. "ಹೇಳಿದೇನು?"

"ಹೇಳೇನ್ರಿ," ಎಂದೆ. ಹಸಿ ಸುಳ್ಳು.

"ಛಲೋ ಆತು ಬಿಡು," ಎಂದು ಇಟ್ಟುಬಿಟ್ಟರು.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಅರವತ್ತೈದು ದಾಟಿದ ಜೀವ ಊರೂರು ತಿರುಗಿ ತಪ್ಪು ಒಪ್ಪಿಕೊಳ್ಳುತ್ತಿದೆ. ನಾನು ನನ್ನದೇ ತರಗತಿಯಲ್ಲಿ ಒಪ್ಪಿಕೊಳ್ಳಲಾರೆ! ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಸೋಮವಾರ ಹಲಗೆಯ ಮೇಲೆ ಎರಡೂ ಶಬ್ದ ಬರೆದು, "ಇವನ್ನ ನಾನು ನಿಮಗ ತಪ್ಪು ಕಲಿಸಿದ್ದೆ" ಎಂದೆ. ಸರಿಯಾದದ್ದನ್ನು ಅಕ್ಕೋರ ಮಾತಿನಲ್ಲೇ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಎದ್ದಳು.

"ಅಕ್ಕೋರ, ಹಂಗಾರ ಹೋದ ವಾರದ್ದು ನನಗ ಒಂದು ತಿಳಿದಿಲ್ಲರಿ. ಕೇಳ್ಲೇನ್ರಿ?"

ಅಲ್ಲಿಯವರೆಗೆ ಆ ಹುಡುಗಿ ನನ್ನ ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಅವತ್ತು ಗಂಟೆ ಹೊಡೆದರೂ ಪ್ರಶ್ನೆಗಳು ಮುಗಿಯಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಸಂಜೆ ನಾನೇ ಫೋನ್ ಮಾಡಿದೆ. "ಅಕ್ಕೋರ, ಅವತ್ತು ನಿಮಗ ಸುಳ್ಳು ಹೇಳಿದ್ದೆ. ಹುಡುಗರ ಮುಂದ ಇವತ್ತು ಒಪ್ಪಿಕೊಂಡೆ."

ಆ ಕಡೆಯಿಂದ ನಗು ಕೇಳಿಸಿತು. "ನಿನ್ನ ದನಿಯಾಗ ಗೊತ್ತಾಗಿತ್ತು ತಗೀ. ಅದಕ್ಕ ನಿನ್ನ ಗಂಟು ಇನ್ನೂ ಹಂಗ ಐತಿ. ತಡಿ, ಬಿಚ್ಚತೀನಿ. ಫೋನ್ ಇಡಬ್ಯಾಡ, ಭಾಳ ಬಿಗಿ ಆಗೇತಿ."

ನಾನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ.